ರಿವಾಲ್ವರಿಗೆ ಕಟ್ಟಿದ ಚೀಟಿ

ಫೆಲ್ಥಮ್, ಲಂಡನ್
೧೯ ಅಕ್ಟೋಬರ್ ೨೦೨೫, ರವಿವಾರ

ಸೌ. ಪಾರ್ವತಿಗೆ ಶೇಖರಪ್ಪನ ಆಶೀರ್ವಾದ.

ನಿನ್ನ ಮೊಣಕಾಲು ಹೇಗಿದೆ? ನಿನ್ನ ಅಕ್ಕನ ಸೊಂಟದ ಆಪರೇಷನ್ ಆಗಿ ಐದು ವಾರವಾಯಿತು. ಆಕೆ ಕೋಲು ಹಿಡಿದು ನಡೆಯುತ್ತಾಳೋ, ಇನ್ನೂ ನಿನ್ನ ಹೆಗಲನ್ನೇ ಕೋಲು ಮಾಡಿಕೊಂಡಿದ್ದಾಳೋ? ಆ ಧಾರವಾಡದ ಮನೆಯ ಮೆಟ್ಟಿಲು ಎತ್ತರ, ನೋಡಿಕೊಂಡು ಇಳಿ. ಬಿ.ಪಿ. ಗುಳಿಗೆ ಬಿಡಬೇಡ. ನಾನು ಇದ್ದೇನೆ. ನೀನು ಫ್ರೀಜರಿನಲ್ಲಿ ಇಟ್ಟುಹೋದ ಚಪಾತಿ ಮುಗಿದವು. ಈಗ ರೊಟ್ಟಿ ನಾನೇ ಬಡಿಯುತ್ತೇನೆ, ಒಂದೊಂದೂ ಒಂದೊಂದು ದೇಶದ ನಕಾಶೆಯಾಗುತ್ತದೆ. ಫೋನಿನಲ್ಲಾದರೆ ನಾನು ಒದರುತ್ತೇನೆ, ನೀನು ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಎರಡು ಮನೆ ಆಚೆಯ ಸಂದೀಪ ಈ ರಾತ್ರಿ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಕನ್ನಡಕ ಹಾಕಿಕೊಂಡು ಕೂತು ಓದು, ನಿಂತು ಓದಬೇಡ.

ನಿನ್ನ ಮಗಳು ಸ್ಫೂರ್ತಿ ನಿನಗೆ ‘ನಿತೀಶಗ ಆಫೀಸಿನಾಗ ಸ್ವಲ್ಪ ತ್ರಾಸ ಅದ’ ಎಂದಿದ್ದಾಳಂತೆ. ತ್ರಾಸು ಆಫೀಸಿನದಲ್ಲ. ಅಳಿಯನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಮರುದಿನ ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಕ್ಯಾನರಿ ವಾರ್ಫಿನ ಅವನ ಬ್ಯಾಂಕಿನವರು, ಇದು ತೀರುವ ತನಕ ಬರಬೇಡ ಎಂದು ಮನೆಯಲ್ಲಿ ಕೂರಿಸಿದ್ದಾರೆ. ಇಷ್ಟಕ್ಕೆಲ್ಲ ಕಾರಣ, ಹೋದ ವರ್ಷ ಕ್ರೋಯ್ಡನ್ನಿನ ಅವರ ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ನಾನು ಕೊಟ್ಟ ಹಳೆಯ ಪೊಲೀಸ್ ರಿವಾಲ್ವರ್. ಬೆಳ್ಳಿ ಬಟ್ಟಲು ಕೊಡೋಣ ಎಂದು ನೀನು ಬಡಕೊಂಡೆ. ಗೊತ್ತಿದೆ. ನೆನಪು ಮಾಡಿಕೊಡಬೇಡ.

ಆದದ್ದು ಇಷ್ಟು. ಮಹಾನವಮಿಯ ದಿನ ಅವರು ಖಂಡೇಪೂಜೆ ಮಾಡಿದರು. ಕೆಂಪು ವಸ್ತ್ರದ ಮೇಲೆ ಅಡುಗೆಮನೆಯ ಚಾಕು, ಈಳಿಗೆ, ಸ್ಕ್ರೂ ತಿರುಗಿಸುವ ಸಾಮಾನು, ಕಾರಿನ ಕೀಲಿ, ಮೊಮ್ಮಗಳು ಸೃಷ್ಟಿಯ ಕತ್ತರಿ, ನಡುವೆ ನನ್ನ ರಿವಾಲ್ವರ್. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಅದೇ ಹೊತ್ತಿಗೆ ಬಾಯ್ಲರ್ ರಿಪೇರಿಯವನು ಬಂದ. ನೋಡಿದ, ಚಹಾ ಕೂಡ ಕುಡಿದು ಹೋದನಂತೆ. ಎರಡು ತಾಸಿನಲ್ಲಿ ಪೊಲೀಸರು ಬಂದೂಕು ಹಿಡಿದು ಬಾಗಿಲಿಗೆ ಬಂದರು. ಸೃಷ್ಟಿ ಎಲ್ಲ ನೋಡಿದಳು, ಪಾರ್ವತಿ. ಆರು ವರ್ಷದ ಕೂಸು. ಅಂದಿನಿಂದ ಕರೆಗಂಟೆ ಸದ್ದಾದರೆ ಮೇಜಿನ ಕೆಳಗೆ ಹೋಗಿ ಕೂಡುತ್ತದೆ.

ಇಲ್ಲಿಯ ಕಾಯಿದೆ ನಿನಗೆ ನೂರು ಸಲ ಹೇಳಿದ್ದೇನೆ, ನೀನು ಕುಕ್ಕರಿನ ಸೀಟಿ ಎಣಿಸುತ್ತ ಕೇಳಿಲ್ಲ. ಬಹಳ ಹಳೆಯ ರಿವಾಲ್ವರ್, ಅದರ ಗುಂಡು ಈಗ ಯಾರೂ ಬಳಸದ ಜಾತಿಯದು ಅಂದರೆ, ಶೋಭೆಗೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಈಗಲೂ ಬಳಕೆಯಲ್ಲಿರುವ ಗುಂಡು ಅದರಲ್ಲಿ ಕೂತರೆ ಕತೆ ಬೇರೆ. ಕಡಿಮೆ ಎಂದರೆ ಐದು ವರ್ಷ ಜೈಲು. ಅದಕ್ಕೇ, ಹಳೆಯ ರಿವಾಲ್ವರ್ ಕೂಡಿಡುವ ಹುಚ್ಚು ಇದ್ದರೂ, ನಾನು ಪ್ರತಿಯೊಂದರ ವಯಸ್ಸು ಪತ್ತೆ ಮಾಡಿಯೇ ಕೊಳ್ಳುವುದು. ಬರ್ಮಿಂಗ್‌ಹ್ಯಾಮಿನ ಪರೀಕ್ಷೆಯ ಮುದ್ರೆ ಯಾವ ಕಾಲದ್ದು, ಹಿಡಿಕೆಯ ಮೇಲೆ ಯಾವ ಪೊಲೀಸ್ ದಳದ ಅಕ್ಷರ, ನಂಬರು ಯಾವ ಸಾಲಿನದು ಎಂದು ನೋಡಬೇಕು. ಕಡೆಗೆ, ಮೈಮೇಲಿನ ನಂಬರು ಮತ್ತು ಗುಂಡು ತುಂಬುವ ಸಿಲಿಂಡರಿನ ಮೇಲಿನ ನಂಬರು ಒಂದೇ ಇರಬೇಕು. ಒಂದೇ ಇದ್ದರೆ ಅದು ಹುಟ್ಟಿದ ಹಾಗೇ ಇದೆ ಎಂದು ಇಲ್ಲಿಯ ಪುಸ್ತಕ ಓದಿದವರು ಹೇಳುತ್ತಾರೆ. ಆ ರಿವಾಲ್ವರಿನಲ್ಲಿ ಎರಡೂ ಒಂದೇ ಇದ್ದವು. ನಾನು ಚೀಟಿ ಬರೆದು ದಾರದಿಂದ ಕಟ್ಟಿದೆ: ‘೧೮೮೯. ಅಸಲಿ ಮಾಲು. ಲೈಸೆನ್ಸ್ ಬೇಕಿಲ್ಲ. ಶೇಖರಪ್ಪ.’

ಈಗ ಪೊಲೀಸರ ತಜ್ಞ ನೋಡಿ ಹೇಳಿದ್ದಾನೆ, ಮೈ ೧೮೮೯ರದೇ, ಆದರೆ ಸಿಲಿಂಡರ್ ಆಮೇಲೆ ಬೇರೆ ರಿವಾಲ್ವರಿನಿಂದ ತೆಗೆದು ಹಾಕಿದ್ದು, ಈ ಹೊತ್ತಿನ ಗುಂಡು ಅದರಲ್ಲಿ ಸಲೀಸಾಗಿ ಕೂಡುತ್ತದೆ ಎಂದು.

ಇದನ್ನು ಓದುವಾಗ ನೀನು ‘ಪಾಪ, ಇವರಿಗೇನ್ ಗೊತ್ತಿತ್ತು’ ಅಂದುಕೊಳ್ಳುತ್ತೀ. ಅಂದುಕೊಳ್ಳಬೇಡ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ಲಂಡನ್ನಿಗೆ ಬರುವ ಮುಂಚೆ ಐದು ವರ್ಷ ಪೊಲೀಸ್ ಶಸ್ತ್ರಾಗಾರದಲ್ಲಿ ಎಣ್ಣೆ ಒರೆಸಿದವನು ನಾನು. ಸಿಲಿಂಡರ್ ಸವೆದರೆ ನಮ್ಮ ಉಸ್ತಾದ ಬೇರೆಯದರದು ತಂದು ಕೂರಿಸುತ್ತಿದ್ದ. ಅದರ ನಂಬರು ಉಜ್ಜಿ, ಹಳೆಯ ನಂಬರನ್ನು ಸುತ್ತಿಗೆಯಿಂದ ಹೊಡೆದು ಹಾಕುತ್ತಿದ್ದ. ‘ಲೇ ಶೇಖ್ಯಾ, ಸಾಹೇಬ ನೋಡೂದು ನಂಬರ, ಗುಂಡಲ್ಲ’ ಎನ್ನುತ್ತಿದ್ದ. ಎಷ್ಟೋ ಸಲ ಆ ಸುತ್ತಿಗೆ ನಾನೇ ಹಿಡಿದಿದ್ದೇನೆ. ಇಂಗ್ಲಿಷರ ಕಾರ್ಖಾನೆಯ ಏಳರ ಅಂಕಿ ನೆಟ್ಟಗೆ ಇರುತ್ತದೆ, ನಮ್ಮ ಕಡೆಯದು ಬಲಕ್ಕೆ ವಾಲುತ್ತದೆ. ಈ ಸಿಲಿಂಡರಿನ ಏಳು ವಾಲಿತ್ತು. ಕೊಂಡ ದಿನವೇ ಭೂತಗನ್ನಡಿಯಲ್ಲಿ ಕಂಡಿತ್ತು. ಕಂಡು ಏನು ಮಾಡಿದೆ ಗೊತ್ತೇ? ಸಂತೋಷಪಟ್ಟೆ. ನಮ್ಮ ಕಡೆಯ ಯಾರೋ ಒಬ್ಬನ ಕೈ ಇಷ್ಟು ದೂರ ಬಂದು ನನಗೆ ಸಿಕ್ಕಿತು ಎಂದು ಒಬ್ಬನೇ ಕೂತು ನಕ್ಕೆ. ಸಿಲಿಂಡರಿನಲ್ಲಿ ಗುಂಡು ಕೂಡುವ ತೂತು ಅಳೆದು ನೋಡಲಿಲ್ಲ. ಅಳೆದಿದ್ದರೆ ಠಾಣೆಗೆ ಬಿಟ್ಟುಕೊಡಬೇಕಾಗುತ್ತಿತ್ತು.

ಈಗ ಅಳಿಯನ ಶಾಣ್ಯಾತನ ಕೇಳು. ರಿವಾಲ್ವರ್ ಯಾರದು ಎಂದು ಪೊಲೀಸರು ಕೇಳಿದರೆ ‘ನಾನೇ ಸಂತೆಯಲ್ಲಿ ಕೊಂಡೆ, ನಮ್ಮ ಮಾವನವರಿಗೆ ಗೊತ್ತೇ ಇಲ್ಲ’ ಎಂದಿದ್ದಾನೆ. ಚೀಟಿಯಲ್ಲಿ ಏನು ಬರೆದಿದೆ ಎಂದರೆ ‘ಪೂಜೆಯ ಮಂತ್ರ’ ಎಂದಿದ್ದಾನೆ! ಈ ಊರಲ್ಲಿ ಕನ್ನಡ ಓದುವವರು ಒಬ್ಬರೂ ಸಿಗುವುದಿಲ್ಲ ಎಂದು ತಿಳಿದನೋ ಏನೋ, ಹುಚ್ಚ ಸೂಳೇಮಗ. ಹೋಗಿ ಬೈದೆ. ತಲೆ ತಗ್ಗಿಸಿಕೊಂಡು ‘ಮಾವಾರ, ನಿಮಗ ಎಪ್ಪತ್ತೆರಡು. ಜೈಲಿನಾಗ ಹೆಂಗ ಇರ್ತೀರಿ? ನಾ ತಡೀತೀನಿ ಬಿಡ್ರಿ’ ಎಂದ. ಇವನು ಮದುವೆಯಲ್ಲಿ ಪಂಚೆ ಉಡಲು ಬರದೆ ನಿಂತವನು, ನಾನು ಎಲ್ಲರೆದುರು ನಕ್ಕಿದ್ದೆ. ಬೂಟು ಹಾಕಿಕೊಂಡು ಹೊರಟೆ. ಬಾಗಿಲ ತನಕ ಬಂದ ಸ್ಫೂರ್ತಿ ‘ಅಪ್ಪಾ, ನಿನ್ನ ಚೀಟಿ ನಂಬಿ ಅವ ಇಟಗೊಂಡಾನ. ಈಗ ನೀ ಏನೂ ಹೇಳಂಗಿಲ್ಲೇನು?’ ಎಂದಳು. ಅವಳ ಮೇಲೂ ರೇಗಿ, ಟ್ರಾಮ್ ಹತ್ತಿ ಬಂದುಬಿಟ್ಟೆ. ಆಮೇಲೆ ಅವಳು ಫೋನ್ ಎತ್ತಿಲ್ಲ.

ನಾನು ಸಲಹೆ ಕೇಳಿದ ವಕೀಲೆ ಅಂಬುಜಾ ಮೈಸೂರು ಕಡೆಯ ಹೆಣ್ಣುಮಗಳು, ಮಾತು ಮೆತ್ತಗೆ, ವಿಷಯ ಗಟ್ಟಿ. ‘ಅಂಕಲ್, ನಂಬಿಕಸ್ತರೊಬ್ಬರು ಹೇಳಿದ್ದನ್ನ ನಂಬಿ ಇಟ್ಕೊಂಡಿದ್ರು ಅಂತ ತೋರಿಸೋಕಾದ್ರೆ ಜಡ್ಜ್ ಅದನ್ನ ವಿಶೇಷ ಕಾರಣ ಅಂತ ಒಪ್ಪಿ ಆ ಐದು ವರ್ಷ ಕಡಿಮೆ ಮಾಡಬಹುದು. ಆದರೆ ಹಾಗೆ ಹೇಳಿದವರು ತಾವೇ ಸಿಕ್ಕಿಬೀಳ್ತಾರೆ. ಯೋಚನೆ ಮಾಡಿ’ ಎಂದಳು. ಯೋಚನೆ ಮಾಡುತ್ತಿದ್ದೇನೆ. ನನ್ನ ಉಳಿದ ನಾಲ್ಕು ರಿವಾಲ್ವರುಗಳನ್ನು ಠಾಣೆಗೆ ಕೊಟ್ಟೆ, ಅವು ನಿರ್ದೋಷಿಗಳು, ಆದರೂ ಮನೆಯಲ್ಲಿ ಬೇಡ. ನಾಳೆ ನರಕಚತುರ್ದಶಿ, ಎಣ್ಣೆಸ್ನಾನಕ್ಕೆ ಬೆನ್ನು ತಿಕ್ಕುವವರು ಯಾರೂ ಇಲ್ಲ.

ಅಕ್ಕನಿಗೆ ಕೇಳಿದ್ದೇನೆಂದು ಹೇಳು. ಮನೆಯ ಚಿಕ್ಕವರಿಗೆಲ್ಲ ಆಶೀರ್ವಾದ. ದೇವರು ನಿನ್ನ ಮೊಣಕಾಲು ಗಟ್ಟಿ ಇಡಲಿ, ಇನ್ನು ಬಹಳ ಓಡಾಟವಿದೆ.

ಇಂತಿ,
ನಿನ್ನ ಶೇಖರಪ್ಪ

ತಾ.ಕ.: ಸಂದೀಪ ಬಾಗಿಲಲ್ಲಿ ನಿಂತಿದ್ದಾನೆ, ಕಾರು ಕಾಯುತ್ತಿದೆ. ಯೋಚನೆ ಮಾಡುತ್ತಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಶುಕ್ರವಾರವೇ ಅಂಬುಜಾಳನ್ನು ಕರೆದುಕೊಂಡು ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದಿದ್ದೇನೆ. ಕೊಟ್ಟವನು ನಾನು, ಚೀಟಿ ನನ್ನದು, ನಂಬರು ಹೊಡೆದದ್ದು ಗೊತ್ತಾಗಿಯೂ ಅಳೆಯಲಿಲ್ಲ, ಎಲ್ಲ ಹೇಳಿದೆ. ಬೆರಳಚ್ಚು ತೆಗೆದುಕೊಂಡರು. ಜೈಲು ಆಗಬಹುದು. ನಿತೀಶ ಉಳಿಯುವನೆಂದು ಖಾತ್ರಿ ಇಲ್ಲ, ದಾರಿ ಇದೆ ಎನ್ನುತ್ತಾಳೆ ಅಂಬುಜಾ, ಅಷ್ಟೆ. ಸ್ಫೂರ್ತಿಗೆ ಗೊತ್ತಿಲ್ಲ. ನೀನು ಹೇಳು. ನಾನು ಹೇಳಿದರೆ ಅದೂ ಜಗಳವೇ ಆಗುತ್ತದೆ. ಮತ್ತೆ, ಟಿಕೀಟು ಮುಂಚಿನ ತಾರೀಖಿಗೆ ಮಾಡಿಸಿಕೊಂಡು ಬೇಗ ಬಾ. ನಾನೇ ಕರೆಯುತ್ತಿದ್ದೇನೆ.