ಮಧ್ಯಾಹ್ನದ ಸೀಸೆ, ಬಿಳಿ ತಟ್ಟೆ

ಮಾರ್ಟನ್ ಸರೋವರ
ಅಕ್ಟೋಬರ್ ೧೦, ಮಂಗಳವಾರ

ಹಠಮಾರಿ ವರ್ನ್‌ಗೆ,

ಈಗಷ್ಟೇ ದೋಣಿ ದಡಕ್ಕೆಳೆದು ಬಂದಿದ್ದೇನೆ. ಕೈ ಇನ್ನೂ ಮರಗಟ್ಟಿದೆ, ಅಕ್ಷರ ಸೊಟ್ಟಗಾದರೆ ನಗಬೇಡ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರಿನವರ ಕಾಗದಗಳನ್ನೆಲ್ಲ ವಿಂಗಡಿಸಿದವಳಿಗೆ ನಿನಗೊಂದು ಕಾಗದ ಬರೆಯಲು ಎರಡು ವರ್ಷ ಬೇಕಾಯಿತು. ಸಮುದ್ರದ ದಂಡೆಯ ಆ ಮನೆಯಲ್ಲಿ ಕೂತು ಇದನ್ನು ತಂಗಿಯ ಕೈಲಿ ಓದಿಸಿಕೊಳ್ಳುತ್ತೀಯೆಂದು ಗೊತ್ತು. ರೂಬಿ, ಮಧ್ಯೆ ಒಂದು ಸಾಲನ್ನೂ ನುಂಗಬೇಡ ತಾಯಿ.

ಮೊದಲು ನಮ್ಮ ಜಗಳದ ಮಾತು. ಗುಡ್ಡದಾಚೆ ಐದು ವಾರ ಕಾಡು ಉರಿದ ಬೇಸಿಗೆ ಅದು. ಹೊಗೆಯಲ್ಲಿ ನಡುಹಗಲಲ್ಲೂ ಸೂರ್ಯ ಮೊಟ್ಟೆಯ ಹಳದಿಯಂತೆ ಮಂಕಾಗಿ ಕಾಣುತ್ತಿದ್ದ. ನೀನು ಕೆಮ್ಮು ಹಿಡಿದು ಮಲಗಿದ್ದೆ, ನಾನೊಬ್ಬಳೇ ಹೋಗಿ ಮೇಲಿನ ಹತ್ತು ಅಡಿ ನೀರಿನಲ್ಲಿ ಬಲೆ ಎಳೆದು ಸೀಸೆಗೆ ಬಗ್ಗಿಸಿದೆ. ಮಧ್ಯಾಹ್ನದ ಸೀಸೆ ಖಾಲಿಯಿರಬೇಕು. ನೀರುಚಿಗಟಗಳು, ಸಾಸಿವೆಗಿಂತ ಸಣ್ಣ ಆ ನೀರುಹುಳಗಳು, ಬಿಸಿಲಿಗೆ ಹೆದರಿ ತಳದ ಕತ್ತಲಲ್ಲಿ ಅಡಗಿರುತ್ತವೆ, ಸೂರ್ಯ ಮುಳುಗಿದ ಮೇಲೆಯೇ ಮೇಲೆ ಬರುವುದು. ಆದರೆ ಅಂದು ಸೀಸೆಯ ತುಂಬ ಅವೇ ಗಿಜಿಗುಟ್ಟುತ್ತಿದ್ದವು. ಮುಂದಿನ ಮೂರು ಮಂಗಳವಾರವೂ ಹಾಗೇ. ನಾವಿಬ್ಬರೂ ಪ್ರತಿ ಮಂಗಳವಾರ ಸರೋವರ ಅಳೆದು ಬರೆಯುತ್ತಿದ್ದ ಪುಸ್ತಕದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ.

ಬೆಂಕಿ ಆರಿದ ಮೇಲೆ ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರೂ ಪ್ಯಾನ್‌ಕೇಕ್ ತಿನ್ನುತ್ತಿದ್ದಾಗ, ರೂಬಿ ಓದಿ ಹೇಳಿದ ಆ ಪುಟದ ಮೇಲೆ ಬೆರಳಿಟ್ಟು ನೀನು ಅಂದೆ: "ಸಂಜೆ ತಂಪಲ್ಲಿ ಹಾಯಾಗಿ ಹೋಗ್ಬಂದು ಮಧ್ಯಾಹ್ನ ಅಂತ ಬರ್ದಿದೀಯಲ್ಲೇ ನೆಲ್ಡಾ. ಇಷ್ಟು ವರ್ಷ ಕಲ್ಸಿದ್ದು ಇದೇನಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಮೊದ್ಲು ನಿನ್ ಕಣ್ಣು ಡಾಕ್ಟ್ರಿಗೆ ತೋರಿಸ್ಕೋ. ತಟ್ಟೇಲಿರೋ ಪ್ಯಾನ್‌ಕೇಕೇ ಕಾಣಲ್ಲ, ನನ್ ತಪ್ಪು ಹುಡುಕ್ತೀಯಾ" ಅಂದುಬಿಟ್ಟೆ. ನೀನು ಟೋಪಿ ಹಾಕಿಕೊಂಡು ಎದ್ದುಹೋದೆ. ಆ ವಾರವೇ ರೂಬಿಯ ಜೊತೆ ಊರನ್ನೂ ಬಿಟ್ಟೆ. ಆ ಮಾತು ಆಡಬಾರದಿತ್ತು ವರ್ನ್.

ಈ ಆಗಸ್ಟಿನಲ್ಲಿ ಮತ್ತೆ ಹೊಗೆ ಬಂತು. ಈ ಸಲ ಸಾಕ್ಷಿಗಿರಲೆಂದು ಗಾಳದಂಗಡಿಯ ಡಾರ್ಲಾಳನ್ನು ದೋಣಿಯಲ್ಲಿ ಕೂರಿಸಿಕೊಂಡೆ. ಸರಿಯಾಗಿ ಹನ್ನೆರಡಕ್ಕೆ ಸೀಸೆ ಗಿಜಿಗಿಜಿ. ಅವುಗಳ ಹಿಂದೆಯೇ ಟ್ರೌಟ್ ಮೀನುಗಳೂ ಮೇಲಕ್ಕೆ. "ನೋಡೇ, ಹಗಲೊತ್ತಲ್ಲೇ ಗಬಗಬ ತಿಂತಿವೆ. ಇವಕ್ಕೂ ಹೊತ್ತುಗೊತ್ತು ಇಲ್ದಂಗಾಯ್ತು" ಅಂದಳು ಡಾರ್ಲಾ. ಮೀನುಗಿಡುಗ ಮಾತ್ರ ಮಬ್ಬಿನಲ್ಲಿ ಸುತ್ತು ಹಾಕಿ ಹಾಕಿ, ಮೀನು ಕಾಣದೆ ಬರಿಗಾಲಲ್ಲಿ ಹೋಯಿತು.

ವಿಶ್ವವಿದ್ಯಾಲಯದ ಡಾಕ್ಟರ್ ಓಚೋವಾ ಬಂದಿದ್ದರು. ಬಿಸಿಲಿನಲ್ಲಿ ಆ ಹುಳಗಳನ್ನು ಸುಡುವ ಕಿರಣವಿದೆಯಂತೆ, ಹೊಗೆ ಅದನ್ನೇ ತಡೆಯುತ್ತದಂತೆ. "ಹೊಗೆ ಅಂದ್ರೆ ಅವಕ್ಕೆ ಯಾರೋ ಕೊಡೆ ಹಿಡಿದ ಹಾಗೆ. ಧೈರ್ಯವಾಗಿ ಮೇಲೆ ಬರ್ತವೆ, ಮೀನಿನ ಬಾಯಿಗೆ ಬೀಳ್ತವೆ. ನಿಮ್ಮ ಸೀಸೆ ಸರಿಯಾಗೇ ಇದೆ" ಅಂದರು. ಕೇಳಿಸಿತೇ ವರ್ನ್? ನನ್ನ ಸೀಸೆ ಸರಿಯಾಗೇ ಇತ್ತು.

ಆಮೇಲೆ ಅವರು ನಮ್ಮ ಹತ್ತೊಂಬತ್ತು ವರ್ಷದ ಪುಸ್ತಕ ಕೇಳಿದರು. ಹೊಗೆಗೆ ಮುಂಚೆ ನೀರು ಎಷ್ಟು ತಿಳಿಯಿತ್ತು, ಈಗ ಬೂದಿ ಬಿದ್ದು ಎಷ್ಟು ಕಲಕಿದೆ ಎಂದು ಹೋಲಿಸಬೇಕಂತೆ. "ನೀರಿನ ತಿಳಿ ಅಳೆಯೋ ಬಿಳಿ ತಟ್ಟೆ ನೋಡಿದ್ದು ಮೊದ್ಲಿಂದ ಒಬ್ಬರದೇ ಕಣ್ಣು ತಾನೇ?" ಅಂದರು. ಪುಸ್ತಕ ಆಮೇಲೆ ಕೊಡುತ್ತೇನೆ ಅಂದು ಕಪಾಟಿನ ಬಾಗಿಲು ಮುಚ್ಚಿದೆ.

ನಾನು ತಪ್ಪು ಮಾಡಿದ್ದು ನಿಜ ವರ್ನ್, ನೀನು ಹೇಳಿದ್ದಲ್ಲ, ಬೇರೆಯದು. ದೋಣಿಯ ನೆರಳಿನ ಬದಿಯಲ್ಲಿ ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದವನು ನೀನು, ಹಗ್ಗದ ಗುರುತು ನೋಡಿ ಬರೆಯುತ್ತಿದ್ದವಳು ನಾನು. ತಟ್ಟೆ ಮರೆಯಾದೊಡನೆ ನೀನು "ಹೋಯ್ತು" ಅನ್ನುತ್ತಿದ್ದೆ. ಮೇಲೆಳೆಯುವಾಗ ಕಂಡೊಡನೆ "ಬಂತು" ಅನ್ನುತ್ತಿದ್ದೆ. ಎರಡರ ಸರಾಸರಿಯೇ ಅಳತೆ. ಕೊನೆಯ ಮೂರು ವರ್ಷ ನೀನು ಹದಿನೇಳು ಅಡಿಗೇ "ಹೋಯ್ತು" ಅನ್ನುತ್ತಿದ್ದೆ. ನನಗೆ ಮೂವತ್ತರವರೆಗೂ ಅದು ಬೆಳ್ಳಗೆ ಕಾಣುತ್ತಿತ್ತು. ಕಣ್ಣಿಗೆ ಪೊರೆ ಬಂದಿದೆ ಎಂದು ಹೇಳಿದ್ದರೆ ನೀನು ಅವಮಾನವಾಗಿ ದೋಣಿ ಹತ್ತುವುದನ್ನೇ ಬಿಡುತ್ತಿದ್ದೆ. ಮಂಗಳವಾರವೇ ಇಲ್ಲದಂತಾಗುತ್ತಿತ್ತು. ಅದಕ್ಕೇ "ಇನ್ನೂ ಸ್ವಲ್ಪ ಬಿಡು, ಹಗ್ಗ ಸಿಕ್ಕಿಕೊಂಡಿದೆ" ಎಂದು ಸುಳ್ಳು ಹೇಳಿ, ನನ್ನ ಕಣ್ಣಿನ ಅಳತೆಯನ್ನು ನಿನ್ನ ಹೆಸರಿನಲ್ಲಿ ಬರೆದೆ. ನಿನ್ನನ್ನು ಕಂಡರೆ ನನಗೆ ಪ್ರೀತಿ, ಅದೊಂದೇ ಕಾರಣ. ಎದುರುಬದುರು ಕೂತು ಒಂದೇ ಫ್ಲಾಸ್ಕಿನ ಕಾಫಿ ಕುಡಿದ ಅಷ್ಟು ವರ್ಷಗಳಲ್ಲಿ ಇದನ್ನು ಹೇಳಲಾಗಲಿಲ್ಲ.

ನಿನ್ನೆ ಓಚೋವಾ ಅವರಿಗೆ ಎಲ್ಲ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದೆ, ಬೈದುಕೋ. ಸರೋವರದ ಪುಸ್ತಕದಲ್ಲಿ ಸುಳ್ಳು ಉಳಿಯುವುದನ್ನು ನೀನೂ ಸಹಿಸುತ್ತಿರಲಿಲ್ಲ. ಅವರು ಬಯ್ಯಲಿಲ್ಲ, ಆದರೆ ಮುಖ ಸಪ್ಪಗಾಯಿತು. ಮೊದಲ ಹದಿನಾರು ವರ್ಷ ನಿನ್ನ ಕಣ್ಣು, ಆಮೇಲಿನದು ನನ್ನದು. ವ್ಯತ್ಯಾಸ ಹೊಗೆಯದೋ ಕಣ್ಣಿನದೋ ಹೇಳುವವರು ಯಾರು? ಕೊನೆಗೆ ಅವರೇ ಒಂದು ದಾರಿ ಹೇಳಿದರು. ನಿನ್ನ ಪೊರೆ ತೆಗೆಸಿದರೆ, ನಾವಿಬ್ಬರೂ ಒಂದೇ ದೋಣಿಯಲ್ಲಿ ಹತ್ತು ಮಂಗಳವಾರ ಒಂದೇ ತಟ್ಟೆ ನೋಡಿ ಬೇರೆಬೇರೆ ಬರೆದರೆ, ಇಬ್ಬರ ಕಣ್ಣುಗಳನ್ನೂ ತಾಳೆ ನೋಡಬಹುದಂತೆ. ಹತ್ತೊಂಬತ್ತು ವರ್ಷದ ಕೆಲಸ ಉಳಿಯುತ್ತದಂತೆ. ಬರದಿದ್ದರೆ ಅಷ್ಟೂ ಕಪಾಟು ಸೇರುತ್ತದೆ.

ಶಸ್ತ್ರಚಿಕಿತ್ಸೆ ಇಪ್ಪತ್ತು ನಿಮಿಷದ ಕೆಲಸವಂತೆ. ಹೆದರುಪುಕ್ಕಲ, ನಾನು ಬಂದು ಪಕ್ಕದಲ್ಲಿ ಕೂರುತ್ತೇನೆ. ಹಿಮ ಕರಗಿ ದೋಣಿ ಇಳಿಯುವುದು ಮೇ ತಿಂಗಳಲ್ಲಿ. ಅಷ್ಟರೊಳಗೆ ಕಣ್ಣೂ ಸರಿಹೋಗುತ್ತದೆ, ಕೋಪವೂ ಇಳಿಯುತ್ತದೆ.

ನೀನು ಟೋಪಿ ಸಿಗಿಸುತ್ತಿದ್ದ ಮೊಳೆಗೆ ಬೇರೆ ಯಾರ ಟೋಪಿಯನ್ನೂ ನೇತುಹಾಕಿಲ್ಲ. ಚೆನ್ನಾಗಿರು, ಕೆಮ್ಮು ನೋಡಿಕೋ, ದೇವರು ನಿನ್ನ ಕಣ್ಣು ಕಾಯಲಿ. ಬರೀ "ಹೋಯ್ತು" ಬರೆದರೆ ಅಳತೆ ಆಗುವುದಿಲ್ಲ, "ಬಂತು" ಕೂಡ ಬೇಕು ಎಂದು ಮೊದಲ ದಿನವೇ ಕಲಿಸಿದವನು ನೀನು. ನಾನಿನ್ನೂ ಹಗ್ಗ ಹಿಡಿದೇ ಕೂತಿದ್ದೇನೆ.

ನಿನ್ನ ದೋಣಿಯವಳು,
ನೆಲ್ಡಾ