ಹಕ್ಕಿಗೆ ಚೆಲ್ಲಿದ ಮೊದಲ ಹಿಡಿ

ಜಗಳೂರು,
ಸೋಮವಾರ

ದುರುಗೇಶಣ್ಣಾ,

ನಿನ್ನ ಫೋನು ಹತ್ತುತ್ತಿಲ್ಲ, ಅದಕ್ಕೇ ಸಾಸ್ವೆಹಳ್ಳಿ ಬಸ್ಸಿನವರ ಕೈಲಿ ಈ ಕಾಗದ. ನಾಳೆ ಬಿತ್ತಾಕೆ ಹೋಗೋ ಮುಂಚೆ ಓದು. ಅಂಗಡಿಯಿಂದ ತಂದು ನಾವಿಬ್ಬರೂ ಹಂಚಿಕೊಂಡ ಸಜ್ಜೆ ಬೀಜದಲ್ಲಿ ಹಕ್ಕಿಗೆ ಒಂದು ಕಾಳೂ ಚೆಲ್ಲಬೇಡ.

ನಿನ್ನೆ ಅಪ್ಪ ಕೂರಿಗೆ ಹೂಡುವ ಮೊದಲು, ಪ್ರತಿ ವರ್ಷದಂತೆ, "ನಿಮ್ಮ ಪಾಲು ತಗೊಳ್ರಪ್ಪಾ" ಅಂತ ಮೊದಲ ಹಿಡಿ ಬೀಜವನ್ನು ಬದುವಿನ ಮೇಲೆ ಚೆಲ್ಲಿದ. ಬಾವಿ ಪಕ್ಕದ ಜಾಲಿಮರದಿಂದ ಗೀಜಗಗಳು ಇಳಿದವು. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಅಲ್ಲೇ ಒದ್ದಾಡಿ ಸತ್ತವು. ಎತ್ತಿ ನೋಡಿದೆ. ಮೈ ಇನ್ನೂ ಬಿಸಿ, ಕೊಕ್ಕಿಗೆ ಬೀಜದ ಕೆಂಪು ಬಣ್ಣ. ನಮ್ಮೂರಲ್ಲಿ ಉಳಿದಿದ್ದ ಗೀಜಗದ ಹಿಂಡು ಅದೊಂದೇ ಅಣ್ಣಾ.

ಅಂಗಡಿಯವನನ್ನು ಕೇಳಿದರೆ, "ವಿಷ ಸವರಿದ್ದು ಅಂತ ಚೀಲದ ಮೇಲೇ ಐತಲ್ಲಮ್ಮ" ಅಂದ. ಇಂಗ್ಲಿಷಿನಲ್ಲಿ ಐತೆ! "ನಮ್ಮಪ್ಪಗೆ ಇಂಗ್ಲಿಷ್ ಓದಾಕೆ ಬರಲ್ಲ, ಹಕ್ಕಿಗೆ ಕನ್ನಡಾನೂ ಬರಲ್ಲ ಕಣಯ್ಯಾ" ಅಂತ ಬೈದು ಬಂದೆ. ಬುಧವಾರ ರೈತ ಸಂಘದವರೆಲ್ಲ ಆ ಅಂಗಡಿ ಮುಂದೆ ಧರಣಿ ಕೂರ್ತೀವಿ. ನೀನೂ ಬಾ.

ಅಪ್ಪ ಹೊಲಕ್ಕೆ ಕಾಲಿಡಾಕೆ ಒಲ್ಲ. "ಕರೆದು ಕೊಂದೆ ಕಣವ್ವಾ" ಅಂತಾನೆ, ಅಷ್ಟೇ. ಊಟಕ್ಕೂ ಏಳಲಿಲ್ಲ.

ಬರುವಾಗ, ಹುಳ ಹಿಡೀಬಾರದು ಅಂತ ಅತ್ತಿಗೆ ಬರೀ ಬೂದಿ ಬೆರೆಸಿಟ್ಟ ಮನೆ ಸಜ್ಜೆ ಒಂದು ಸೇರು ತಾ. ಅಪ್ಪನ ಎದುರಿಗೇ ಕೂತು ಮೊದಲು ನೀನು ಒಂದು ಹಿಡಿ ಬಾಯಿಗೆ ಹಾಕ್ಕೊ, ಅಗಿದು ನುಂಗು. ಆಮೇಲಾದರೂ ಇದರಲ್ಲಿ ವಿಷ ಇಲ್ಲ ಅಂತ ನಂಬಿ ಹಕ್ಕಿ ಪಾಲು ಚೆಲ್ಲಿಯಾನು.

ನಿನ್ನ ತಂಗಿ,
ವನಜಾಕ್ಷಿ