ಗುಂಡುಲಾಳ ತಪ್ಪು ಸ್ವರ

ನವೆಂಬರ್ 14, ಗುರುವಾರ. ವಿಯೆನ್ನಾ.

ಗೆದ್ದೆ. ಆದರೂ ಮನಸ್ಸು ಯಾಕೋ ಕಿರಿಕಿರಿ.

ನಾವು ನಾಲ್ವರು ವರ್ಷಗಳಿಂದ ನುಡಿಸುತ್ತಿರುವ ಒಂದು ಕ್ವಾರ್ಟೆಟ್ ಕೃತಿಯಲ್ಲಿ, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾದ ಒಂದು ಸ್ವರದ ಮೇಲೆ ನನಗೆ ಗುಮಾನಿ. ನನ್ನ ಹೊಸ ಮುದ್ರಣದ ಸ್ವರಪುಸ್ತಕದಲ್ಲಿ ಒಂದು ಥರ, ವಿಯೋಲಾ ನುಡಿಸುವ ಗುಂಡುಲಾಳ ಹಳೆಯ ಮುದ್ರಣದಲ್ಲಿ ಅದೇ ಸ್ವರ ಒಂದು ಸ್ವರಸ್ಥಾನ ಮೇಲೆ. ಪ್ರತಿ ಗುರುವಾರ ಅಲ್ಲಿಗೆ ಬಂದಾಗ ಜಗಳ, ಆಮೇಲೆ ಕಾಫಿ, ಕೇಕು. ಇವತ್ತು ರಚನೆಕಾರನ ಕೈಬರಹದ ಫೋಟೋ ತರಿಸಿ ಅವಳ ಮುಂದಿಟ್ಟೆ. ನನ್ನದೇ ಸರಿ.

ಗುಂಡುಲಾ ಕನ್ನಡಕ ಏರಿಸಿ ನೋಡಿದಳು. "ಆಯ್ತು ಮಾರಾಯ, ನೀನೇ ಗೆದ್ದೆ" ಎಂದು ಪೆನ್ಸಿಲ್ಲಿನಲ್ಲಿ ತಿದ್ದಿಕೊಂಡು ಹಾಗೆಯೇ ನುಡಿಸಿದಳು. ಉಪ್ಪಿಲ್ಲದ ಸೂಪಿನ ಹಾಗಿತ್ತು. ಕೊನೆಗೆ ಚೆಲ್ಲೊ ನುಡಿಸುವ ವಿನ್ಸೆಂಜ್, "ಅಲ್ಲಾ, ಇನ್ಮೇಲೆ ಗುರುವಾರ ಯಾವುದಕ್ಕೆ ಜಗಳ ಆಡೋದು?" ಎಂದ.

ಕೋಟು ಹಾಕಿಕೊಳ್ಳುತ್ತಾ ಗುಂಡುಲಾ ಕೇಳಿದಳು: "ಈಗ ಹೊಟ್ಟೆ ತಣ್ಣಗಾಯ್ತಾ?"

"ಆಯ್ತು" ಎಂದೆ.

ಮನೆಗೆ ಬಂದವನೇ ಕಿಟಕಿ ಬಾಗಿಲು ಭದ್ರಮಾಡಿ, ಅವಳ ಆ ತಪ್ಪು ಸ್ವರವನ್ನು ನನ್ನ ಪಿಟೀಲಿನಲ್ಲಿ ನುಡಿಸಿ ನೋಡಿದೆ. ಹಾಳಾದ್ದು, ಎಷ್ಟು ಚೆನ್ನಾಗಿದೆ. ಕೆಳಗಿನ ಮನೆಯವರು ತಮ್ಮ ಸೂರಿಗೆ ಕೋಲಿನಿಂದ ಕುಟ್ಟುವವರೆಗೂ ಅದೊಂದನ್ನೇ ನುಡಿಸುತ್ತಿದ್ದೆ.